ಕಪ್ ಗೆದ್ದ ತಂಡವೇ ಶ್ರೇಷ್ಠ ತಂಡವೇ?

(ಶತಮಾನೋತ್ಸವ ಉಪನ್ಯಾಸಮಾಲೆಯಲ್ಲಿ ಶಾಲೆಯ ಮುಖ್ಯೋಪಾಧ್ಯಾಯಿನಿಯವರು ಮಾಡಿದ ಭಾಷಣದ ಲಿಖಿತ ರೂಪ)



ಈ ಉಪನ್ಯಾಸಮಾಲೆಯಲ್ಲಿ ಇದುವರೆಗೆ ಭಾಷೆಯ ಬಗೆಗೆ, ಗಡಿನಾಡಿನ ಇತಿಹಾಸದ ಬಗೆಗೆ, ಯಕ್ಷಗಾನದ ಬಗೆಗೆ ವಿದ್ವಾಂಸರು ಮಾತನಾಡಿದ್ದಾರೆ. ಕನ್ನಡ ಎಂ.ಎ. ಓದಿದ ನಾನು ಬೇಸ್‌ಬಾಲ್ ಕುರಿತು ಮಾತನಾಡುತ್ತೇನೆಂದಾಗ ಸಮಿತಿಯ ಕಾರ್ಯದರ್ಶಿಗಳು ಒಂದು ಕ್ಷಣ ನನ್ನ ಮುಖವನ್ನೇ ನೋಡಿದರು. ಕಾರಣವನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಅಮೆರಿಕದಲ್ಲಿ ನೆಲೆಸಿರುವ ನಮ್ಮ ಹಳೆವಿದ್ಯಾರ್ಥಿಯೊಬ್ಬರು ಕಳೆದ ವರ್ಷ ಒಂದು ಪೆಟ್ಟಿಗೆ ತುಂಬ ಬೇಸ್‌ಬಾಲ್ ದಾಂಡು, ಚೆಂಡು, ಚರ್ಮದ ಕೈಗವಸುಗಳನ್ನು ಮಕ್ಕಳಿಗೆಂದು ಕಳುಹಿಸಿದರು. ಜೊತೆಗೆ ಆ ಆಟದ ಚರಿತ್ರೆಯ ಎರಡು ಪುಸ್ತಕಗಳನ್ನೂ ಇಟ್ಟಿದ್ದರು. ಮಕ್ಕಳು ದಾಂಡು ಹಿಡಿದರು, ನಾನು ಪುಸ್ತಕ ಹಿಡಿದೆ. ಎಂಟನೆಯ ತರಗತಿಯ ಹುಡುಗಿಯೊಬ್ಬಳು ಆ ಪುಸ್ತಕದ ಚಿತ್ರಗಳನ್ನು ನೋಡುತ್ತ, "ಟೀಚರ್, ಕಪ್ ಗೆದ್ದ ತಂಡವೇ ಎಲ್ಲಕ್ಕಿಂತ ಒಳ್ಳೆಯ ತಂಡವಾ?" ಎಂದು ಕೇಳಿದಳು. ಹೌದು ಎಂದು ಹೇಳಿ ಕಳುಹಿಸಬಹುದಿತ್ತು. ಆದರೆ ಪುಸ್ತಕದ ಪುಟಗಳು ಹೌದು ಎನ್ನಲು ಬಿಡಲಿಲ್ಲ. ಆ ಪ್ರಶ್ನೆಗೆ ನಾನು ಕಂಡುಕೊಂಡ ಉತ್ತರವನ್ನು ನಿಮ್ಮೆದುರು ಇಡುತ್ತಿದ್ದೇನೆ.

ಆಟದ ಪರಿಚಯ ಇಲ್ಲದವರಿಗಾಗಿ ಎರಡು ಮಾತು. ಒಂದೊಂದು ತಂಡದಲ್ಲಿ ಒಂಬತ್ತು ಮಂದಿ, ಒಂಬತ್ತು ಸರದಿ. ಪಿಚರ್ ಎಂಬಾತ ಚೆಂಡೆಸೆಯುತ್ತಾನೆ, ಎದುರಾಳಿ ದಾಂಡಿನಿಂದ ಹೊಡೆದು ನಾಲ್ಕು ನೆಲೆಗಳನ್ನು ಸುತ್ತಿ ಬಂದರೆ ಒಂದು ರನ್. ಮೂವರು ಔಟಾದರೆ ಸರದಿ ಮುಗಿಯುತ್ತದೆ. ಸಮಬಲವೆಂದು ಬಿಟ್ಟುಬಿಡುವ ಪದ್ಧತಿ ಇಲ್ಲ. ಒಂಬತ್ತರಲ್ಲಿ ತೀರದಿದ್ದರೆ ತೀರುವವರೆಗೆ ಆಡಬೇಕು. ಇಂದು ಅಲ್ಲಿ ಎರಡು ಲೀಗುಗಳಲ್ಲಾಗಿ ಒಟ್ಟು 30 ವೃತ್ತಿಪರ ತಂಡಗಳಿವೆ: 29 ಅಮೆರಿಕದವು, 1 ಕೆನಡಾದ ಟೊರಾಂಟೋದ್ದು. ವಸಂತದಿಂದ ಶರತ್ಕಾಲದವರೆಗೆ ಪ್ರತಿಯೊಂದು ತಂಡವೂ 162 ಆಟಗಳನ್ನಾಡುತ್ತದೆ. ಆಮೇಲೆ ಅಕ್ಟೋಬರ್ ತಿಂಗಳಲ್ಲಿ ಆಯ್ದ ತಂಡಗಳ ನಡುವೆ ಸುತ್ತುಗಳು ನಡೆದು, ಕೊನೆಗೆ ಎರಡು ಲೀಗುಗಳ ವಿಜೇತರು 'ವರ್ಲ್ಡ್ ಸೀರೀಸ್' ಆಡುತ್ತಾರೆ. ಏಳು ಆಟಗಳಲ್ಲಿ ಮೊದಲು ನಾಲ್ಕು ಗೆದ್ದವರಿಗೆ ಪಟ್ಟ. ಎರಡು ದೇಶದವರು ಸೇರಿ ಆಡುವ ಪಂದ್ಯಕ್ಕೆ 'ವಿಶ್ವ' ಎಂಬ ಹೆಸರನ್ನು ಯಾವ ಧೈರ್ಯದಿಂದ ಇಟ್ಟರೋ, ಅದು ಬೇರೆ ವಿಷಯ.

ಈ ಆಟದ ಒಂದು ಗುಣವನ್ನು ಗಮನಿಸದಿದ್ದರೆ ಮುಂದಿನದು ಅರ್ಥವಾಗುವುದಿಲ್ಲ. ಓಟದ ಪಂದ್ಯದಲ್ಲಿ ಬಲ್ಲವನು ಹತ್ತಕ್ಕೆ ಒಂಬತ್ತು ಸಲ ಗೆಲ್ಲುತ್ತಾನೆ. ಚದುರಂಗದಲ್ಲಿ ಪಳಗಿದವನನ್ನು ಎಳಸು ಆಟಗಾರ ಸೋಲಿಸುವುದು ಕನಸಿನಲ್ಲಿ ಮಾತ್ರ. ಬೇಸ್‌ಬಾಲ್ ಹಾಗಲ್ಲ. ಅಲ್ಲಿ ನೂರು ಆಟ ಗೆದ್ದ ತಂಡವೆಂದರೆ ಅತ್ಯುತ್ತಮ ತಂಡ. ಆದರೆ ಅದೇ ತಂಡ 62 ಆಟ ಸೋತಿರುತ್ತದೆ. 2024ರಲ್ಲಿ ಷಿಕಾಗೋ ವೈಟ್ ಸಾಕ್ಸ್ ತಂಡ 121 ಆಟ ಸೋತು ಕುಖ್ಯಾತಿ ಪಡೆಯಿತು. ಆ ತಂಡವೂ 41 ಸಲ ಗೆದ್ದಿತ್ತು! ಅತಿ ದುರ್ಬಲನೂ ನಾಲ್ಕರಲ್ಲಿ ಒಂದು ಗೆಲ್ಲುವ, ಅತಿ ಬಲಿಷ್ಠನೂ ಮೂರರಲ್ಲಿ ಒಂದು ಸೋಲುವ ಆಟ ಅದು. ಉರುಟು ದಾಂಡಿಗೆ ಉರುಟು ಚೆಂಡು ಒಂದು ಬೆರಳಿನಷ್ಟು ಮೇಲೆ ತಾಗಿದರೆ ಒಂದು ಫಲ, ಕೆಳಗೆ ತಾಗಿದರೆ ಇನ್ನೊಂದು. ಇಂಥ ಆಟದಲ್ಲಿ 162 ಆಟಗಳ ಫಲವನ್ನು ಬದಿಗಿಟ್ಟು, ಏಳು ಆಟಗಳಿಂದ ಶ್ರೇಷ್ಠತೆಯನ್ನು ನಿರ್ಣಯಿಸಬಹುದೇ?

1906ರ ಕಥೆ ಕೇಳಿ. ಆ ವರ್ಷ ಷಿಕಾಗೋ ಕಬ್ಸ್ ತಂಡ 116 ಆಟ ಗೆದ್ದು ಕೇವಲ 36 ಸೋತಿತು. ಅಷ್ಟು ದೊಡ್ಡ ಪ್ರಮಾಣದ ಗೆಲುವು ಆ ಲೀಗುಗಳಲ್ಲಿ ಆಧುನಿಕ ಕಾಲದಲ್ಲಿ ಮತ್ತೆ ಯಾರಿಗೂ ಒದಗಲಿಲ್ಲ. ವರ್ಲ್ಡ್ ಸೀರೀಸ್‌ನಲ್ಲಿ ಎದುರಾದುದು ಅದೇ ನಗರದ ವೈಟ್ ಸಾಕ್ಸ್. ಅವರ ಹೊಡೆತದ ಸರಾಸರಿ ತಮ್ಮ ಲೀಗಿನಲ್ಲೇ ಕನಿಷ್ಠ. ಪತ್ರಿಕೆಗಳು ಅವರನ್ನು 'ಹೊಡೆತವಿಲ್ಲದ ಅದ್ಭುತಗಳು' ಎಂದು ಅಣಕಿಸುತ್ತಿದ್ದವು. ಆ ಅದ್ಭುತಗಳು ಕಬ್ಸ್ ತಂಡವನ್ನು 4-2ರಿಂದ ಸೋಲಿಸಿದವು. ಮರುವರ್ಷ 1907ರಲ್ಲಿಯೂ ಅದರ ಮರುವರ್ಷ 1908ರಲ್ಲಿಯೂ ಕಬ್ಸ್ ಪಟ್ಟ ಗೆದ್ದಿತು. ಮೂರು ವರ್ಷಗಳಲ್ಲಿ ಅವರು ಅತ್ಯಂತ ಬಲಿಷ್ಠರಾಗಿದ್ದ ವರ್ಷವೇ ಕೈತಪ್ಪಿದ ವರ್ಷ. ಅನಂತರ ಮತ್ತೆ ಪಟ್ಟ ಸಿಗಲು 2016ರವರೆಗೆ, ಅಂದರೆ 108 ವರ್ಷ, ಕಾಯಬೇಕಾಯಿತು.

1954ರಲ್ಲಿ ಕ್ಲೀವ್‌ಲ್ಯಾಂಡ್ ತಂಡ 111 ಆಟ ಗೆದ್ದು ಬಂದು ವರ್ಲ್ಡ್ ಸೀರೀಸ್‌ನಲ್ಲಿ ನಾಲ್ಕಕ್ಕೆ ನಾಲ್ಕೂ ಸೋತಿತು. 2001ರಲ್ಲಿ ಸಿಯಾಟಲ್ ಮ್ಯಾರಿನರ್ಸ್ ಕಬ್ಸ್‌ನಂತೆಯೇ 116 ಆಟ ಗೆದ್ದು, ವರ್ಲ್ಡ್ ಸೀರೀಸ್ ತನಕವೂ ತಲುಪಲಿಲ್ಲ. ಜಪಾನಿನಿಂದ ಬಂದ ಇಚಿರೋ ಸುಝುಕಿ ಆ ತಂಡದಲ್ಲಿ ಬೆಳಗಿದ ವರ್ಷ ಅದು.

ಆದರೆ ನನ್ನ ಮನಸ್ಸನ್ನು ಹೆಚ್ಚು ಕಾಡಿದ್ದು 1960. ನ್ಯೂಯಾರ್ಕ್ ಯಾಂಕೀಸ್ ಮತ್ತು ಪಿಟ್ಸ್‌ಬರ್ಗ್ ಪೈರೇಟ್ಸ್ ನಡುವೆ ಏಳು ಆಟಗಳು ನಡೆದವು. ಯಾಂಕೀಸ್ ಗೆದ್ದ ಮೂರು ಆಟಗಳ ಲೆಕ್ಕ ನೋಡಿ: 16-3, 10-0, 12-0. ಪೈರೇಟ್ಸ್ ಗೆದ್ದ ನಾಲ್ಕರ ಲೆಕ್ಕ: 6-4, 3-2, 5-2, 10-9. ಏಳು ಆಟಗಳ ರನ್ನುಗಳನ್ನು ಕೂಡಿಸಿದರೆ ಯಾಂಕೀಸ್ 55, ಪೈರೇಟ್ಸ್ 27. ಇಮ್ಮಡಿಗಿಂತ ಹೆಚ್ಚು ರನ್ ಮಾಡಿದವರು ಸೋತರು, ಅರ್ಧದಷ್ಟೂ ಮಾಡದವರು ಗೆದ್ದರು. ಲೆಕ್ಕದ ಟೀಚರಿಗೆ ಈ ಅಂಕಿಗಳನ್ನು ಕೊಟ್ಟೆ. ಅವರು ಎರಡು ಸಲ ಕೂಡಿಸಿ ನೋಡಿದರು.

ಏಳನೆಯ ಆಟ ನಡೆದದ್ದು ಅಕ್ಟೋಬರ್ 13ರಂದು, ಪಿಟ್ಸ್‌ಬರ್ಗಿನ ಫೋರ್ಬ್ಸ್ ಫೀಲ್ಡ್ ಮೈದಾನದಲ್ಲಿ. ಎಂಟನೆಯ ಸರದಿಯ ನಡುವೆ ಯಾಂಕೀಸ್ 7-4ರಿಂದ ಮುಂದಿದ್ದರು. ಆಗ ಪೈರೇಟ್ಸ್ ಆಟಗಾರನೊಬ್ಬ ಹೊಡೆದ ಚೆಂಡು ನೆಲದ ಮೇಲೆ ಉರುಳುತ್ತ ಯಾಂಕೀಸ್‌ನ ಟೋನಿ ಕುಬೆಕ್‌ನ ಕಡೆಗೆ ಹೋಯಿತು. ಅದನ್ನು ಹಿಡಿದಿದ್ದರೆ ಇಬ್ಬರು ಒಟ್ಟಿಗೆ ಔಟಾಗುವ ಸಂಭವವಿತ್ತು. ಆದರೆ ಚೆಂಡು ಕೊನೆಯ ಗಳಿಗೆಯಲ್ಲಿ ಅಂದಾಜು ಮೀರಿ ಪುಟಿದು ನೇರವಾಗಿ ಕುಬೆಕ್‌ನ ಗಂಟಲಿಗೆ ಬಡಿಯಿತು. ಆತ ಕುಸಿದ, ಆಟ ಬಿಟ್ಟು ಹೋಗಬೇಕಾಯಿತು. ಆ ಸರದಿಯಲ್ಲಿ ಪೈರೇಟ್ಸ್ ಐದು ರನ್ ಗಳಿಸಿದರು. ಒಂಬತ್ತನೆಯ ಸರದಿಯಲ್ಲಿ ಯಾಂಕೀಸ್ ಎರಡು ರನ್ ಮಾಡಿ 9-9 ಮಾಡಿಕೊಂಡರು. ಬಳಿಕ ಪೈರೇಟ್ಸ್ ಪರ ಮೊದಲಿಗನಾಗಿ ಬಂದ ಬಿಲ್ ಮ್ಯಾಜರೋಸ್ಕಿ ಚೆಂಡನ್ನು ಎಡಬದಿಯ ಗೋಡೆಯಾಚೆ ಅಟ್ಟಿದ. ಪಟ್ಟ ಪಿಟ್ಸ್‌ಬರ್ಗಿಗೆ ಹೋಯಿತು. ಆ ಸರಣಿಯ ಶ್ರೇಷ್ಠ ಆಟಗಾರನೆಂದು ಆಯ್ಕೆಯಾದವನು ಸೋತ ಯಾಂಕೀಸ್‌ನ ಬಾಬಿ ರಿಚರ್ಡ್‌ಸನ್. ಸೋತ ತಂಡದವನಿಗೆ ಆ ಗೌರವ ಸಂದದ್ದು ವರ್ಲ್ಡ್ ಸೀರೀಸ್ ಇತಿಹಾಸದಲ್ಲಿ ಅದೊಂದೇ ಸಲ. ಆಯ್ಕೆ ಮಾಡಿದವರಿಗೂ ಗೆದ್ದವರು ಬೇರೆ, ಚೆನ್ನಾಗಿ ಆಡಿದವರು ಬೇರೆ ಎಂಬ ಅನುಮಾನ ಒಳಗೊಳಗೇ ಇದ್ದಿರಬೇಕು.

ಹಾಗೆಂದು ಯಾಂಕೀಸ್ ಶ್ರೇಷ್ಠರು ಎಂದು ತೀರ್ಪು ಕೊಡುವುದೂ ಅವಸರವೇ. ಆ ವರ್ಷ ಲೀಗಿನ ಆಟಗಳಲ್ಲಿ ಯಾಂಕೀಸ್ ಗೆದ್ದದ್ದು 97, ಪೈರೇಟ್ಸ್ ಗೆದ್ದದ್ದು 95. ಹನ್ನೆರಡು ರನ್ನುಗಳಿಂದ ಗೆದ್ದರೂ ಒಂದೇ ಆಟ, ಒಂದು ರನ್ನಿನಿಂದ ಗೆದ್ದರೂ ಒಂದೇ ಆಟ ಎಂಬುದು ಎರಡು ತಂಡಗಳಿಗೂ ತಿಳಿದಿದ್ದ ನಿಯಮ. ಬಿಗಿಯಾದ ಆಟದಲ್ಲಿ ಕೈಬಿಡದೆ ನಿಂತವರನ್ನು ಅದೃಷ್ಟವಂತರೆಂದಷ್ಟೇ ಹೇಳಿ ಮುಗಿಸುವುದು ಅನ್ಯಾಯ. ಆದರೆ ನೆಲದ ಆ ಒಂದು ಪುಟಿತ ಇಲ್ಲದಿದ್ದರೆ? ಪುಟಿತ ಯಾರ ಸಾಮರ್ಥ್ಯವೂ ಅಲ್ಲವಲ್ಲ.

ಈ ಪ್ರಶ್ನೆಯನ್ನು ಭಾವನೆಗೆ ಬಿಡದೆ ಗಣಿತಕ್ಕೆ ಒಪ್ಪಿಸಿದವರು ಹಾರ್ವರ್ಡ್ ವಿಶ್ವವಿದ್ಯಾಲಯದ ಸಂಖ್ಯಾಶಾಸ್ತ್ರಜ್ಞ ಫ್ರೆಡರಿಕ್ ಮೋಸ್ಟೆಲರ್. 1946ರಲ್ಲಿ 104 ಆಟ ಗೆದ್ದಿದ್ದ ಬಾಸ್ಟನ್ ರೆಡ್ ಸಾಕ್ಸ್ ತಂಡ ಸೇಂಟ್ ಲೂಯಿಸ್ ಕಾರ್ಡಿನಲ್ಸ್‌ಗೆ 4-3ರಿಂದ ಸೋತದ್ದು ಅವರ ಕುತೂಹಲವನ್ನು ಕೆರಳಿಸಿತು. 1952ರಲ್ಲಿ ಅವರು ಪ್ರಕಟಿಸಿದ ಪ್ರಬಂಧ, ಅಲ್ಲಿಯವರೆಗಿನ ಅರ್ಧ ಶತಮಾನದ ವರ್ಲ್ಡ್ ಸೀರೀಸ್‌ಗಳನ್ನು ಅಳೆದು, ಎರಡರಲ್ಲಿ ಉತ್ತಮ ತಂಡವೇ ಗೆಲ್ಲುವ ಸಂಭವ ಸುಮಾರು 0.80 ಎಂದು ಅಂದಾಜು ಮಾಡಿತು. ಅಂದರೆ ಐದು ಪಟ್ಟಗಳಲ್ಲಿ ಒಂದು ದುರ್ಬಲ ತಂಡದ ಪಾಲು. ಯಾವ ಒಂದು ಎಂದು ಮಾತ್ರ ಯಾರಿಗೂ ಹೇಳಲಾಗದು.

ಹತ್ತನೆಯ ತರಗತಿಯ ಮಕ್ಕಳು ಇಲ್ಲಿದ್ದೀರಿ. ನಿಮ್ಮ ಪಾಠದ ಸಂಭವನೀಯತೆಯನ್ನು ಸ್ವಲ್ಪ ಮುಂದುವರಿಸಿದರೆ ಈ ಲೆಕ್ಕ ನಿಮಗೂ ದಕ್ಕುತ್ತದೆ. ಒಂದು ತಂಡ ಎದುರಾಳಿಗಿಂತ ಉತ್ತಮ. ನೂರು ಆಟ ಆಡಿದರೆ 55 ಗೆಲ್ಲುವಷ್ಟು ಉತ್ತಮ ಎಂದಿಟ್ಟುಕೊಳ್ಳಿ. ಏಳರ ಸರಣಿಯಲ್ಲಿ ಅದು ಗೆಲ್ಲುವ ಸಂಭವ ಶೇಕಡಾ 61ಕ್ಕೂ ಸ್ವಲ್ಪ ಕಡಿಮೆ. ಐದಕ್ಕೆ ಎರಡು ಸಲ ಕಡಿಮೆ ಯೋಗ್ಯತೆಯ ತಂಡವೇ ಮಾಲೆ ಹಾಕಿಸಿಕೊಳ್ಳುತ್ತದೆ. ನೂರಕ್ಕೆ 65 ಗೆಲ್ಲುವಷ್ಟು ಬಲವಿದ್ದರೆ ಸಂಭವ ಶೇಕಡಾ 80ಕ್ಕೆ ಏರುತ್ತದೆ. ಹಾಗಾದರೆ ಆ 55ರ ತಂಡವೇ ಶೇಕಡಾ 95ರಷ್ಟು ಖಚಿತವಾಗಿ ಗೆಲ್ಲಬೇಕಾದರೆ ಸರಣಿ ಎಷ್ಟು ಆಟಗಳದ್ದಾಗಿರಬೇಕು? ಸುಮಾರು 270! ಅಕ್ಟೋಬರಿನಲ್ಲಿ ತೊಡಗಿದರೆ ಮುಗಿಯುವಾಗ ಮುಂದಿನ ಮಳೆಗಾಲ ಬಂದಿರುತ್ತದೆ.

ಇದೇ ಗಣಿತ ಇನ್ನೊಂದು ಕಡೆಗೂ ಹರಿಯುತ್ತದೆ. 162 ಆಟಗಳ ಪಟ್ಟಿಯೂ ಪರಿಪೂರ್ಣ ಅಳತೆಗೋಲಲ್ಲ. ಸಮಾನ ಬಲದ ಎರಡು ತಂಡಗಳು ಬರಿಯ ಆಕಸ್ಮಿಕದಿಂದಲೇ ಆರೇಳು ಗೆಲುವುಗಳಷ್ಟು ಆಚೀಚೆಯಾಗುವುದು ಸಹಜ. 97 ದೊಡ್ಡದೋ 95 ದೊಡ್ಡದೋ ಎಂದರೆ ಅಂಕಗಣಿತದಲ್ಲಿ ಉತ್ತರವಿದೆ, ಯೋಗ್ಯತೆಯಲ್ಲಿ ಇಲ್ಲ. ಎದುರಾಳಿಗಳೂ ಎಲ್ಲರಿಗೂ ಒಂದೇ ಅಲ್ಲ. ತಮ್ಮ ವಿಭಾಗದ ತಂಡಗಳೊಡನೆ ಹೆಚ್ಚು ಆಡಬೇಕಾಗುತ್ತದೆ. ಆದರೂ ನೂರ ಅರವತ್ತೆರಡು ಸಲ ಅಳೆದದ್ದು ಏಳು ಸಲ ಅಳೆದದ್ದಕ್ಕಿಂತ ನಂಬಿಕೆಗೆ ಅರ್ಹವೆಂಬುದರಲ್ಲಿ ನನಗೆ ಸಂಶಯವಿಲ್ಲ.

ಪಟ್ಟದ ಪಂದ್ಯಗಳು ಅಳೆಯುವ ತಂಡವೂ ಬೇರೆಯೇ. ದಿನವಹಿ ಆಟವಿರುವ ದೀರ್ಘ ಋತುವಿನಲ್ಲಿ ಮೊದಲಿಗೆ ಚೆಂಡೆಸೆಯುವ ಐವರು ಪಿಚರುಗಳು ಸರದಿಯಂತೆ ಬರುತ್ತಾರೆ. ಒಬ್ಬನ ಕೈಗೆ ವಿಶ್ರಾಂತಿ ಬೇಕಲ್ಲ. ಅಕ್ಟೋಬರಿನಲ್ಲಿ ನಡುನಡುವೆ ಬಿಡುವಿನ ದಿನಗಳಿರುವುದರಿಂದ ಮೂವರು, ನಾಲ್ವರು ಸಾಕು. ಐವರೂ ಸಮರ್ಥರಾಗಿದ್ದುದರಿಂದಲೇ ಮೇಲೆ ಬಂದ ತಂಡಕ್ಕೆ ಆ ಐದನೆಯವನಿಂದ ಈಗ ಪ್ರಯೋಜನವಿಲ್ಲ. ಇಬ್ಬರೇ ಅಸಾಧಾರಣರಿದ್ದು ಉಳಿದವರು ಸಾಧಾರಣರಾಗಿರುವ ತಂಡಕ್ಕೆ ಅದೇ ಹಬ್ಬ. ಆದುದರಿಂದ ಅಕ್ಟೋಬರ್ ಕೇಳುವ ಪ್ರಶ್ನೆಯೇ ಬೇರೆ.

ಹಿಂದೆ ಇಷ್ಟು ಗೊಂದಲವಿರಲಿಲ್ಲ. 1968ರವರೆಗೆ ಲೀಗಿನಲ್ಲಿ ಮೊದಲ ಸ್ಥಾನ ಪಡೆದ ತಂಡ ನೇರವಾಗಿ ವರ್ಲ್ಡ್ ಸೀರೀಸ್‌ಗೆ ಹೋಗುತ್ತಿತ್ತು. 1969ರಲ್ಲಿ ಲೀಗುಗಳನ್ನು ವಿಭಾಗಗಳಾಗಿ ಒಡೆದು ಒಂದು ಸುತ್ತು ಸೇರಿಸಿದರು. 1995ರಿಂದ ಇನ್ನೊಂದು ಸುತ್ತು. 2022ರಿಂದ ಹನ್ನೆರಡು ತಂಡಗಳಿಗೆ ಪ್ರವೇಶ. ಟಿಕೆಟು, ದೂರದರ್ಶನದ ಹಣ ಇದರ ಹಿಂದಿರುವುದು ಗುಟ್ಟೇನಲ್ಲ. ಹೆಚ್ಚು ಊರುಗಳ ಜನರಿಗೆ ಸೆಪ್ಟೆಂಬರಿನವರೆಗೆ ಆಸೆ ಉಳಿಯುವುದೂ ನಿಜ. ಆದರೆ ಬೆಲೆ ತೆತ್ತದ್ದು ಯಾರು? ನೂರಕ್ಕೆ 55 ಗೆಲ್ಲುವ ನಮ್ಮ ಆ ಉತ್ತಮ ತಂಡ ಒಂದು ಐದರ ಸರಣಿಯನ್ನೂ ಎರಡು ಏಳರ ಸರಣಿಗಳನ್ನೂ ಸಾಲಾಗಿ ಗೆಲ್ಲುವ ಸಂಭವ ಐದರಲ್ಲಿ ಒಂದಕ್ಕಿಂತ ಸ್ವಲ್ಪವೇ ಹೆಚ್ಚು.

2006ರಲ್ಲಿ ಸೇಂಟ್ ಲೂಯಿಸ್ ಕಾರ್ಡಿನಲ್ಸ್ ಗೆದ್ದದ್ದು 83, ಸೋತದ್ದು 78. ಅಂಥ ಸಾಧಾರಣ ಲೆಕ್ಕದ ತಂಡ 97 ಗೆದ್ದಿದ್ದ ನ್ಯೂಯಾರ್ಕ್ ಮೆಟ್ಸ್ ತಂಡವನ್ನು ದಾಟಿ, 95 ಗೆದ್ದಿದ್ದ ಡೆಟ್ರಾಯಿಟ್ ಟೈಗರ್ಸ್ ತಂಡವನ್ನು 4-1ರಿಂದ ಸೋಲಿಸಿ ಪಟ್ಟ ಏರಿತು. ಡೆಟ್ರಾಯಿಟಿನ ಪಿಚರುಗಳು ಐದು ಆಟಗಳಲ್ಲಿ ಐದು ಸಲ ಕೈಗೆ ಬಂದ ಚೆಂಡನ್ನು ಕೆಡಿಸಿಕೊಂಡರು. 2023ರಲ್ಲಿ ನೂರು ಅಥವಾ ಹೆಚ್ಚು ಗೆದ್ದ ತಂಡಗಳು ಮೂರು: ಅಟ್ಲಾಂಟಾ 104, ಬಾಲ್ಟಿಮೋರ್ 101, ಲಾಸ್ ಏಂಜಲಿಸ್ ಡಾಜರ್ಸ್ 100. ಮೂರೂ ತಾವಾಡಿದ ಮೊದಲ ಸುತ್ತಿನಲ್ಲೇ ಮನೆಗೆ ಮರಳಿದವು. ಕೊನೆಯಲ್ಲಿ ಉಳಿದದ್ದು 90 ಗೆದ್ದ ಟೆಕ್ಸಾಸ್ ಮತ್ತು 84 ಗೆದ್ದ ಅರಿಝೋನಾ.

ಎಲ್ಲ ವರ್ಷವೂ ಹೀಗಲ್ಲ, ಅದನ್ನೂ ಹೇಳಬೇಕು. 1998ರಲ್ಲಿ ಯಾಂಕೀಸ್ 114 ಆಟ ಗೆದ್ದು ಪಟ್ಟವನ್ನೂ ಗೆದ್ದರು. 2018ರಲ್ಲಿ ಬಾಸ್ಟನ್ 108 ಗೆದ್ದು ಹಾಗೆಯೇ ಮಾಡಿತು. ಅಂಥ ವರ್ಷಗಳಲ್ಲಿ ವಾದವೇ ಏಳುವುದಿಲ್ಲ. ಆದರೆ ಆಗಲೂ ನಾವು ಅವರನ್ನು ಶ್ರೇಷ್ಠರೆಂದು ನಂಬುವುದು ಕಪ್ಪಿನ ಬಲದಿಂದಲೋ, ಆ 114ರ ಬಲದಿಂದಲೋ?

"ನಿಯಮ ಎಲ್ಲರಿಗೂ ಒಂದೇ, ಗೆಲ್ಲಬೇಕಾದ ದಿನ ಗೆಲ್ಲುವುದೇ ಶ್ರೇಷ್ಠತೆ" ಎಂಬ ವಾದವನ್ನು ನಮ್ಮ ದೈಹಿಕ ಶಿಕ್ಷಕರು ನನ್ನೆದುರು ಬಲವಾಗಿ ಮಂಡಿಸಿದರು. ವಾದ ಹಗುರವಾದುದಲ್ಲ. ಒತ್ತಡದಲ್ಲಿ ನಿಲ್ಲುವುದೂ ಒಂದು ಸಾಮರ್ಥ್ಯ. ಆದರೆ ಇಲ್ಲಿ ಎರಡು ಮಾತುಗಳು ಒಂದರೊಳಗೊಂದು ಬೆರೆತುಹೋಗಿವೆ. 'ಚಾಂಪಿಯನ್' ಎಂಬುದು ನಿಯಮ ಕೊಡುವ ಪದವಿ. ನಿಯಮದಂತೆ ಗೆದ್ದವನು ಚಾಂಪಿಯನ್ ಆಗಿಯೇ ಆಗುತ್ತಾನೆ, ಅದಕ್ಕೆ ಬೇರೆ ಪುರಾವೆ ಬೇಡ. 'ಶ್ರೇಷ್ಠ' ಎಂಬುದು ನಾವು ಸಾಕ್ಷ್ಯಗಳನ್ನು ತೂಗಿ ಕಟ್ಟಿಕೊಳ್ಳುವ ಅಭಿಪ್ರಾಯ. ಪಟ್ಟ ಆ ಸಾಕ್ಷ್ಯಗಳಲ್ಲಿ ಒಂದು. ನಮ್ಮ ಮಗ್ಗುಲಿನ ಮಂಜೇಶ್ವರ ವಿಧಾನಸಭಾ ಕ್ಷೇತ್ರದ 2016ರ ಫಲಿತಾಂಶ 89 ಮತಗಳ ಅಂತರದಲ್ಲಿ ತೀರ್ಮಾನವಾದದ್ದು ನಿಮಗೆಲ್ಲ ನೆನಪಿದೆ. ರಾಜಕೀಯ ಮಾತಾಡುತ್ತಿಲ್ಲ, ಗಾಬರಿಯಾಗಬೇಡಿ. ಗೆದ್ದವರು ಶಾಸಕರಾದರು, ಅದು ಕಾನೂನು. ಆದರೆ ಇಡೀ ಕ್ಷೇತ್ರದ ಮನಸ್ಸು ಒಂದು ಕಡೆಗೇ ಇತ್ತೆಂದು ಆ 89ರಿಂದ ಯಾರೂ ಸಾಧಿಸಲಾರರು.

ಪಟ್ಟವೊಂದು ಏನನ್ನೂ ಹೇಳದ ಸಂದರ್ಭಗಳೂ ಉಂಟು. 1904ರಲ್ಲಿ ನ್ಯೂಯಾರ್ಕ್ ಜೈಂಟ್ಸ್ ತಂಡದವರು ಎದುರಾಳಿ ಲೀಗಿನವರೊಡನೆ ಆಡುವುದೇ ಇಲ್ಲವೆಂದರು. ವರ್ಲ್ಡ್ ಸೀರೀಸ್ ನಡೆಯಲಿಲ್ಲ. 1919ರಲ್ಲಿ ನಡೆದದ್ದು ಇನ್ನೂ ನೋವಿನ ಸಂಗತಿ. ಷಿಕಾಗೋ ವೈಟ್ ಸಾಕ್ಸ್‌ನ ಆಟಗಾರರು ಜೂಜುಕೋರರ ಹಣ ಪಡೆದು ಬೇಕೆಂದೇ ಸೋತ ಹಗರಣದಲ್ಲಿ ಎಂಟು ಮಂದಿ ಆಜೀವ ನಿಷೇಧಕ್ಕೊಳಗಾದರು. ಅವರ ಬಗ್ಗೆ ಬರೆದವರು ಬಹಳ. ನನಗೆ ಮರುಕ ಹುಟ್ಟಿದ್ದು ಗೆದ್ದ ಸಿನ್ಸಿನಾಟಿ ರೆಡ್ಸ್ ಮೇಲೆ. ಆ ಋತುವಿನಲ್ಲಿ ಅವರು 96 ಗೆದ್ದು 44 ಮಾತ್ರ ಸೋತಿದ್ದರು. ಷಿಕಾಗೋದ ಲೆಕ್ಕ 88-52. ನೇರವಾಗಿ ಆಡಿದ್ದರೂ ತಾವೇ ಗೆಲ್ಲುತ್ತಿದ್ದೆವೆಂದು ಹೇಳಲು ಅವರಿಗೆ ಪೂರ್ತಿ ಅಧಿಕಾರವಿತ್ತು. ಆದರೆ ಎದುರಾಳಿಯ ಮೋಸ ಅವರ ಗೆಲುವಿನಿಂದ ಸಾಕ್ಷ್ಯದ ಬೆಲೆಯನ್ನೇ ಕಸಿದುಕೊಂಡಿತು. ಇನ್ನು 1994: ಆಗಸ್ಟ್ 12ರಂದು ಆಟಗಾರರ ಮುಷ್ಕರ ಆರಂಭವಾಯಿತು, ವರ್ಲ್ಡ್ ಸೀರೀಸ್ ರದ್ದಾಯಿತು. ಮುಷ್ಕರದ ದಿನದಂದು ಎಲ್ಲರಿಗಿಂತ ಮುಂದಿದ್ದುದು ಕೆನಡಾದ ಮಾಂಟ್ರಿಯಲ್ ಎಕ್ಸ್‌ಪೋಸ್, 74 ಗೆದ್ದು 40 ಸೋತು. ಆಡಲು ಸಿಗದ ಆ ಅಕ್ಟೋಬರ್ ಅವರಿಗೆ ಮತ್ತೆ ಬರಲಿಲ್ಲ; 2005ರಲ್ಲಿ ತಂಡವೇ ಊರು ಬಿಟ್ಟು ವಾಷಿಂಗ್ಟನ್ನಿಗೆ ಹೋಯಿತು.

ಇದೆಲ್ಲ ದೂರದ ಮಾತೆನಿಸುವ ಹಿರಿಯರಿಗೆ 1983 ನೆನಪಿಸುತ್ತೇನೆ. ಜೂನ್ 25ರಂದು ಲಾರ್ಡ್ಸ್‌ನಲ್ಲಿ ನಮ್ಮವರು 183 ರನ್ ಮಾಡಿ ವೆಸ್ಟ್ ಇಂಡೀಸನ್ನು 140ಕ್ಕೆ ಕಟ್ಟಿದರು. ಅದೇ ವರ್ಷದ ಕೊನೆಗೆ ಅದೇ ವೆಸ್ಟ್ ಇಂಡೀಸ್ ಇಲ್ಲಿಗೆ ಬಂದು ಐದು ಏಕದಿನ ಪಂದ್ಯಗಳನ್ನೂ, ಟೆಸ್ಟ್ ಸರಣಿಯನ್ನು 3-0ರಿಂದಲೂ ಗೆದ್ದುಕೊಂಡು ಹೋಯಿತು. ವಿಶ್ವಕಪ್ ಗೆದ್ದ ಸಂತೋಷದಲ್ಲಿ ಒಂದು ಕೂದಲೆಳೆಯಷ್ಟನ್ನೂ ನಾನು ಬಿಟ್ಟುಕೊಡುವುದಿಲ್ಲ. ಆದರೆ ಆ ಕಾಲದ ಶ್ರೇಷ್ಠ ತಂಡ ಯಾವುದೆಂದು ಕೇಳಿದರೆ ಪ್ರಾಮಾಣಿಕ ಉತ್ತರ ಎಲ್ಲರಿಗೂ ಗೊತ್ತು.

ಗೆದ್ದವನನ್ನೂ ಉತ್ತಮನನ್ನೂ ಬೇರೆಬೇರೆಯಾಗಿ ಕಾಣುವುದು ನಮಗೆ ಹೊಸದೂ ಅಲ್ಲ. ಅರ್ಜುನನನ್ನು ಕಥಾನಾಯಕನಾಗಿ ಇಟ್ಟುಕೊಂಡು ಕಾವ್ಯ ಬರೆದ ಪಂಪ, ಸೋತ ಕರ್ಣನಿಗೆ ಕೊಟ್ಟ ಸ್ಥಾನವೇನು? ರನ್ನನ ದುರ್ಯೋಧನ ತೊಡೆ ಮುರಿದು ಬಿದ್ದ ಮೇಲೂ ಓದುಗನ ಮನಸ್ಸಿನಿಂದ ಏಳುವುದಿಲ್ಲವಲ್ಲ. ನಮ್ಮ ನಾಡಿನ ತಾಳಮದ್ದಳೆಯಲ್ಲಂತೂ ಸೋಲುಗೆಲುವು ಪ್ರಸಂಗದಲ್ಲಿ ಮೊದಲೇ ಬರೆದಿಟ್ಟದ್ದು. ವಾಲಿ ಸಾಯಲೇಬೇಕು, ರಾಮ ಗೆಲ್ಲಲೇಬೇಕು. ಆದರೆ ಶೇಣಿ ಗೋಪಾಲಕೃಷ್ಣ ಭಟ್ಟರು ವಾಲಿಯಾಗಿ ಅರ್ಥ ಹೇಳಿದ ರಾತ್ರಿ, ಬೆಳಗಿನ ಜಾವ ಮನೆಗೆ ಮರಳುವ ಶ್ರೋತೃಗಳ ಬಾಯಲ್ಲಿ ಇರುತ್ತಿದ್ದುದು ವಾಲಿಯ ಮಾತು. ಪ್ರಸಂಗದ ಗೆಲುವು ಒಂದು, ಕೂಟದ ಗೆಲುವು ಇನ್ನೊಂದು ಎಂಬ ವಿವೇಕ ನಮ್ಮ ಅಜ್ಜ ಅಜ್ಜಿಯರಿಗೆ ಚೆನ್ನಾಗಿ ಇತ್ತು.

ಇಷ್ಟು ವಿಸ್ತಾರವಾಗಿ ಈ ಮಾತುಗಳನ್ನು ಹೇಳಲು ನನಗೊಂದು ಸ್ವಾರ್ಥವೂ ಇದೆ. ಹೆತ್ತವರು ದಯವಿಟ್ಟು ಗಮನವಿಟ್ಟು ಕೇಳಬೇಕು. ಪ್ರತಿವರ್ಷ ಎಸ್.ಎಸ್.ಎಲ್.ಸಿ. ಫಲಿತಾಂಶ ಬಂದ ಮರುದಿನವೇ ರಸ್ತೆಬದಿಯಲ್ಲಿ ಫ್ಲೆಕ್ಸುಗಳು ಏಳುತ್ತವೆ: ಯಾವ ಶಾಲೆಗೆ ಶೇಕಡಾ ನೂರು, ಎಷ್ಟು ಮಕ್ಕಳಿಗೆ ಎಲ್ಲ ವಿಷಯಗಳಲ್ಲೂ ಎ ಪ್ಲಸ್. ಫ್ಲೆಕ್ಸ್ ನೋಡಿ ಜೂನ್ ತಿಂಗಳಲ್ಲಿ ಮಕ್ಕಳು ಶಾಲೆ ಬದಲಾಯಿಸುತ್ತಾರೆ. ಗಡಿನಾಡಿನ ಕನ್ನಡ ವಿಭಾಗಗಳಲ್ಲಿ ಮಕ್ಕಳ ಸಂಖ್ಯೆ ಎಷ್ಟೆಂದು ನಿಮಗೆ ತಿಳಿದಿದೆ. ತರಗತಿಯಲ್ಲಿ ಹನ್ನೆರಡು ಮಂದಿ ಇದ್ದಾರೆಂದು ತಿಳಿಯೋಣ. ಪರೀಕ್ಷೆಯ ಬೆಳಿಗ್ಗೆ ಅವರಲ್ಲಿ ಒಬ್ಬನಿಗೆ ಜ್ವರ ಬಂದರೆ ಶಾಲೆಯ ಫಲಿತಾಂಶ ನೂರರಿಂದ 92ರ ಸಮೀಪಕ್ಕೆ ಇಳಿಯುತ್ತದೆ. ಮುನ್ನೂರು ಮಕ್ಕಳು ಪರೀಕ್ಷೆ ಬರೆಯುವ ಶಾಲೆಯಲ್ಲಿ ಒಬ್ಬನಿಗೆ ಜ್ವರ ಬಂದರೆ 99.67; ಫ್ಲೆಕ್ಸಿನಲ್ಲಿ ಅದನ್ನು ಹೆಮ್ಮೆಯಿಂದಲೇ ಬರೆಯಬಹುದು. ಜ್ವರ ಒಂದೇ, ಪಾಠ ಹೇಳಿದ ಶ್ರಮವೂ ಒಂದೇ. ಚಿಕ್ಕ ಶಾಲೆಯ ಅಂಕಿ ಏಳು ಆಟಗಳ ಸರಣಿಯಂತೆ. ಒಂದು ಪುಟಿತಕ್ಕೆ ಮೇಲಕ್ಕೂ ಹೋಗುತ್ತದೆ, ಕೆಳಕ್ಕೂ ಬರುತ್ತದೆ. ಸತತವಾಗಿ ನೂರು ಬಂದ ವರ್ಷಗಳಲ್ಲಿ ನಮ್ಮ ಶಾಲೆ ಶ್ರೇಷ್ಠವೆಂದು ಫ್ಲೆಕ್ಸ್ ಹಾಕಲು ನಾನು ಒಪ್ಪದಿದ್ದುದು ಇದೇ ಕಾರಣಕ್ಕೆ. ಹಾಕಿದ್ದರೆ, ಜ್ವರ ಬಂದ ವರ್ಷ ನಾವು ಕೆಟ್ಟವರೆಂದು ಒಪ್ಪಿಕೊಂಡಂತೆ ಆಗುತ್ತಿತ್ತು.

ಹಾಗಾದರೆ ಶಾಲೆಯನ್ನು ಅಳೆಯುವುದು ಹೇಗೆ ಎಂದು ನೀವು ಕೇಳಬಹುದು, ಕೇಳಬೇಕು. ಒಂದು ವರ್ಷದ ಅಂಕಿ ಬೇಡ, ಹತ್ತು ವರ್ಷದ್ದನ್ನು ಕೂಡಿಸಿ ನೋಡಿ. ಕಚೇರಿಯಲ್ಲಿ ದಾಖಲೆಯಿದೆ, ಯಾರು ಬಂದರೂ ತೋರಿಸುತ್ತೇನೆ. ಐದನೆಯ ತರಗತಿಗೆ ಸೇರುವಾಗ ಮಗು ಎಲ್ಲಿತ್ತು, ಹತ್ತು ಮುಗಿಸುವಾಗ ಎಲ್ಲಿದೆ ಎಂದು ನೋಡಿ. ನಡುವಿನ ತರಗತಿಗಳಿಗೆ ಬಂದು ಕುಳಿತು ಪಾಠ ಕೇಳಿ. ಓದು ಹಿಂದಿರುವ ಮಗುವನ್ನು ಫಲಿತಾಂಶದ ಭಯದಿಂದ ಹೊರಗಟ್ಟಿದ್ದೇವೆಯೇ ಎಂದು ವಿಚಾರಿಸಿ. ಶೇಕಡಾ ನೂರನ್ನು ಬಲು ಸುಲಭವಾಗಿ ಪಡೆಯುವ ದಾರಿ ಅದೊಂದಿದೆ. ಆ ದಾರಿಯಲ್ಲಿ ಬಂದ ನೂರು 1919ರ ಪಟ್ಟಕ್ಕಿಂತ ಹೆಚ್ಚಿನದೇನೂ ಅಲ್ಲ.

ಮಕ್ಕಳೇ, ನಿಮಗೂ ಒಂದು ವಿಷಯ ತಿಳಿಸಬೇಕಿದೆ. ಹಳೆವಿದ್ಯಾರ್ಥಿ ಸಂಘದವರು ಅಂತರ್‌ತಂಡ ಕಬಡ್ಡಿಗೆ ಪರ್ಯಾಯ ಫಲಕವೊಂದನ್ನು ಕೊಡಲು ಮುಂದೆ ಬಂದಿದ್ದಾರೆ. ವರ್ಷವಿಡೀ ನಾಲ್ಕು ತಂಡಗಳೂ ಪರಸ್ಪರ ಆಡಬೇಕು, ಹೆಚ್ಚು ಗೆದ್ದ ಎರಡು ತಂಡಗಳು ವಾರ್ಷಿಕೋತ್ಸವದ ದಿನ ಅಂತಿಮ ಪಂದ್ಯ ಆಡಬೇಕು, ಅದರಲ್ಲಿ ಗೆದ್ದವರಿಗೆ ಫಲಕ ಎಂಬುದು ಅವರ ಯೋಜನೆ. ಅಂತಿಮ ಪಂದ್ಯ ಬೇಡವೆಂದು ನಾನು ಹೇಳುವುದಿಲ್ಲ. ಊರೆಲ್ಲ ಸೇರಿದ ದಿನ, ದೀಪದ ಬೆಳಕಿನಲ್ಲಿ, ಒಂದೇ ಆಟದಲ್ಲಿ ಎಲ್ಲವೂ ತೀರ್ಮಾನವಾಗುವ ಆ ರೋಮಾಂಚನ ಲೀಗಿನ ಪಟ್ಟಿಯಲ್ಲಿ ಎಲ್ಲಿ ಸಿಗುತ್ತದೆ? ಬೇಸ್‌ಬಾಲಿನವರು ಅಕ್ಟೋಬರನ್ನು ಬಿಟ್ಟುಕೊಡದಿರುವುದೂ ಅದಕ್ಕೇ. ಮ್ಯಾಜರೋಸ್ಕಿಯ ಆ ಹೊಡೆತ ಕಂಡವರು ಅದನ್ನು ಜೀವಮಾನವಿಡೀ ಹೇಳಿಕೊಂಡು ಬದುಕಿದರು. 97 ಮತ್ತು 95ರ ನಡುವಿನ ವ್ಯತ್ಯಾಸವನ್ನು ಯಾರೂ ಮೊಮ್ಮಕ್ಕಳಿಗೆ ಹೇಳುವುದಿಲ್ಲ.

ಸಂಘದವರಲ್ಲಿ ಒಂದೇ ಒಂದು ತಿದ್ದುಪಡಿ ಕೇಳಿಕೊಂಡೆ, ಅವರು ಸಂತೋಷದಿಂದ ಒಪ್ಪಿದ್ದಾರೆ. ಗೆದ್ದವರ ಹೆಸರು ಬರೆಯುವ ಹಲಗೆಯಲ್ಲಿ ಪ್ರತಿವರ್ಷಕ್ಕೂ ಎರಡು ಅಂಕಣಗಳಿರುತ್ತವೆ. ಒಂದರಲ್ಲಿ ವರ್ಷವಿಡೀ ಹೆಚ್ಚು ಪಂದ್ಯ ಗೆದ್ದ ತಂಡ, ಇನ್ನೊಂದರಲ್ಲಿ ಅಂತಿಮ ಪಂದ್ಯ ಗೆದ್ದ ತಂಡ. ಕೆಲವು ವರ್ಷ ಎರಡೂ ಕಡೆ ಒಂದೇ ಹೆಸರು ಬರಬಹುದು, ಕೆಲವು ವರ್ಷ ಬಾರದಿರಬಹುದು. ಹಲಸಿನ ಹಲಗೆ ಕೊಯ್ದು ಒಣಗಲು ಇಟ್ಟಾಗಿದೆ. ಜೂನ್ ತಿಂಗಳಲ್ಲಿ ಶಾಲೆ ತೆರೆಯುವಾಗ ಅದು ವಾಚನಾಲಯದ ಬಾಗಿಲಿನ ಮೇಲೆ ಇರುತ್ತದೆ. ಮೊದಲ ಸಾಲಿನಲ್ಲಿ ಯಾರ ಹೆಸರು ಬರುತ್ತದೆಂದು ತಿಳಿಯಲು ನನಗೂ ಕುತೂಹಲವಿದೆ.